ಗೇಟಿನಲ್ಲಿ ನಿಂತಿದ್ದ ರೇಣವ್ವ

ಉತ್ತರಹಳ್ಳಿ, ಬೆಂಗಳೂರು
14 ಜುಲೈ 2025

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ರಿಟೈರ್ ಆದ ಮೇಲೂ ಬಾಣಂತಿಯರ ಮನೆ ಸುತ್ತುವುದನ್ನು ನೀನು ಬಿಟ್ಟಿಲ್ಲ ಎಂದು ಅಪ್ಪ ದೂರಿದರು. ನಾನು ಚೆನ್ನಾಗಿದ್ದೇನೆ, ಸಖತ್ತಾಗಿ ಚೆನ್ನಾಗಿದ್ದೇನೆ. ದಿನಾ ಬೆಳಿಗ್ಗೆ ಆಶ್ರಿತ್ ತಾನೇ ಕಾಫಿ ಮಾಡಿ ತಂದು ಎಬ್ಬಿಸುತ್ತಾನೆ. ಡಿಕಾಕ್ಷನ್ ನೀರುನೀರು, ಆದರೂ ಅಮೃತ ಅಂತಲೇ ಕುಡಿಯುತ್ತೇನೆ. ಒಂಬತ್ತನೇ ಮಹಡಿಯ ನಮ್ಮ ಬಾಲ್ಕನಿಯಿಂದ ಈಜುಕೊಳ ಎಷ್ಟು ಚಂದ ಕಾಣುತ್ತದೆ ಗೊತ್ತಾ. ನನ್ನ ಕಾಗುಣಿತಕ್ಕೆ ನಗಬೇಡ. ಮುಂದೆ ಬರೆಯುವುದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಮನೆಕೆಲಸದ ಮಾರಮ್ಮನ ವಿಷಯ. ಮದುವೆಯಾಗಿ ಬಂದ ಮೊದಲ ದಿನವೇ "ಹೊಸಾ ಮದ್ಲಗಿತ್ತಿ ಕಸ ಗುಡಿಸ್ತಾಳಾ? ಕೊಡಿ ಇತ್ಲಾಗೆ" ಎಂದು ಪೊರಕೆ ಕಿತ್ತುಕೊಂಡಳಲ್ಲ, ಅವಳು. ಈ ಈಜುಕೊಳದ ಜಾಗದಲ್ಲಿ ಅವಳ ವಠಾರ ಇತ್ತಂತೆ, ಪಕ್ಕದಲ್ಲೇ ಸಣ್ಣ ಹೆರಿಗೆ ಆಸ್ಪತ್ರೆ. ಮೂರು ಹೆರಿಗೆಗೂ ನಡೆದೇ ಹೋದಳಂತೆ. ಅಪಾರ್ಟ್‌ಮೆಂಟ್ ಬಂತು, ಎರಡೂ ಹೋದವು. ಈಗ ಅವಳಿರುವುದು ಊರಾಚೆಯ ತಗಡಿನ ಶೆಡ್ಡಿನಲ್ಲಿ, ಆಸ್ಪತ್ರೆ ಇರುವುದು ಜಯನಗರದಲ್ಲಿ. ಎರಡು ಬಸ್ಸು, ಉದ್ದದ ಸಾಲು, ಒಂದು ದಿನದ ರಜೆ. ರಜೆ ಕೇಳಿದರೆ ಐದನೇ ಮಹಡಿಯ ಆಂಟಿ "ನಿಂಗೆ ತಿಂಗ್ಳಿಗೊಂದು ಕಾಯಿಲೆ" ಅನ್ನುತ್ತಾರೆ. ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಾಗಲೂ ಅವಳು ಹೋಗಲಿಲ್ಲ. "ಹಳೇ ನಲ್ಲಿ ಅಲ್ವಾ ಅಕ್ಕ, ತೊಟ್ಟಿಕ್ತದೆ" ಎಂದು ನಕ್ಕಿದ್ದಳು.

ಮಾರ್ಚ್‌ನಲ್ಲಿ ಆಶಾ ಕಾರ್ಯಕರ್ತೆ ರೇಣವ್ವ ಅವಳನ್ನು ಅಂಗನವಾಡಿಯ ಶಿಬಿರಕ್ಕೆ ಎಳೆದುಕೊಂಡು ಹೋಗಿ ಗರ್ಭಕೋಶದ ಪರೀಕ್ಷೆ ಮಾಡಿಸಿದಳು. ಏನಾದರೂ ಇದ್ದರೆ ತಾನೇ ಬಂದು ಕರೆದೊಯ್ಯುವುದಾಗಿ ಹೇಳಿದ್ದಳು. ಮನೆಗಿರುವ ಒಂದೇ ಫೋನು ಮಗನ ಜೇಬಿನಲ್ಲಿರುತ್ತದೆ, ಅದಕ್ಕೇ ಹಾಗೆ. ರೇಣವ್ವ ಬರಲಿಲ್ಲ, ಬರದಿದ್ದರೆ ಎಲ್ಲ ಸರಿಯೆಂದು ಮಾರಮ್ಮ ಸುಮ್ಮನಾದಳು. ಹೋದ ವಾರ ನಮ್ಮ ಅಡುಗೆಮನೆಯಲ್ಲೇ ಕುಸಿದಳು. ಆಟೋದಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ಹಳೇ ರಿಪೋರ್ಟ್ ನೋಡಿ "ಏಪ್ರಿಲ್‌ನಲ್ಲೇ ಬರ್ಬೇಕಿತ್ತಲ್ಲಮ್ಮ" ಅಂದರು. ಕ್ಯಾನ್ಸರ್. ಆಗಲೇ ಬಂದಿದ್ದರೆ ಆಪರೇಷನ್ ಸಾಕಾಗುತ್ತಿತ್ತೇನೋ, ಈಗ ಹರಡಿದೆಯಂತೆ. ಅಂದಿನಿಂದ ಮಾರಮ್ಮ ದಿನವೂ ರೇಣವ್ವನನ್ನು ಬಯ್ಯುತ್ತಾಳೆ: "ಎಷ್ಟು ನಂಬಿದ್ದೆ, ಬಾಗ್ಲಿಗೂ ಬರ್ಲಿಲ್ಲ ನೋಡಿ."

ಅಮ್ಮಾ, ನೀನು ಮೂವತ್ತು ವರ್ಷ ನರ್ಸಮ್ಮನಾಗಿ ಮನೆಮನೆ ಸುತ್ತಿದೆ. ಬಂದು ಹೋದ ಗುರುತಿಗೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ತಾರೀಕು ಬರೆಯುತ್ತಿದ್ದೆ. ನಿನ್ನನ್ನು ಯಾರಾದರೂ ಹೊರಗಿನಿಂದಲೇ ವಾಪಸ್ ಕಳಿಸಿದ್ದರಾ? ಕಳಿಸಿದ್ದರೆ ಅವರನ್ನು ಮನಸ್ಸಿನಲ್ಲಿ ಏನೆಂದು ಬೈದುಕೊಳ್ಳುತ್ತಿದ್ದೆ?

ಅಪ್ಪನಿಗೆ ನಮಸ್ಕಾರ. ಮಂಡಿಗೆ ಎಣ್ಣೆ ಹಚ್ಚಿಕೋ.

ನಿನ್ನ
ಲಿಖಿತಾ

ತಾ.ಕ.: ಹಗಲೆಲ್ಲ ಇಲ್ಲೇ ಇರುತ್ತೇನೆಂದು ಮಾರಮ್ಮ ರೇಣವ್ವನಿಗೆ ನಮ್ಮ ಫ್ಲ್ಯಾಟಿನ ನಂಬರನ್ನೇ ಕೊಟ್ಟಿದ್ದಳಂತೆ. ಗೇಟಿಗೆ ಯಾರು ಬಂದರೂ ಅವರ ಫೋಟೊ ನನ್ನ ಫೋನಿಗೆ ಬರುತ್ತದೆ, ಒಳಗೆ ಬಿಡಬೇಕೋ ಬೇಡವೋ ನಾನು ಒತ್ತಬೇಕು. ನಿನ್ನೆ ಹಳೆಯದನ್ನೆಲ್ಲ ತೆಗೆದು ನೋಡಿದೆ. ಏಪ್ರಿಲ್ ಎಂಟು, ಹನ್ನೊಂದು, ಇಪ್ಪತ್ತೆರಡು. ಗುಲಾಬಿ ಸೀರೆ, ಹೆಗಲಿಗೆ ನಿನ್ನದರಂಥದೇ ಚೀಲ, ಬಿಸಿಲಿಗೆ ಕಿರಿದಾದ ಕಣ್ಣು. ಏನೋ ಮಾರಲು ಬಂದವಳೆಂದು ಮೂರು ಸಲವೂ ಬೇಡ ಅಂತ ಒತ್ತಿದ್ದೇನೆ. ಮಾರಮ್ಮನಿಗೆ ಇನ್ನೂ ಹೇಳಿಲ್ಲ. ಕೊನೆಯ ಸಲ ಅವಳು ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿದ್ದಳು. "ಯಾರಕ್ಕ ಅದು?" ಅಂದಳು. "ಯಾರೂ ಇಲ್ಲ" ಅಂದೆ.