ಒಂದು ಗಂಟೆಯ ಹಾಜರಿ

ಶಹಾಬಾದ್, ಶುಕ್ರವಾರ

ಖಣಿ ಮಾಲೀಕರಿಗೆ,

ಹೆಲ್ಮೆಟ್ ಕೊಡುತ್ತೇವೆಂದಿರಿ, ಕೊಡಲಿಲ್ಲ. ಸತ್ತರೆ ಪರಿಹಾರವೆಂದಿರಿ, ಈಗ ನಮ್ಮವ್ವ ಹಣಮವ್ವ ಸತ್ತ ದಿನ ಕೆಲಸಕ್ಕೇ ಬಂದಿರಲಿಲ್ಲ ಎನ್ನುತ್ತೀರಿ.

ಮುಂಜಾನೆ ಬಂದು ನಡುವೆ ಹೋಗಿಬಿಡುತ್ತಾರೆಂದು ಹೆಂಗಸರ ಹಾಜರಿಯನ್ನು ನೀವು ಊಟದ ಹೊತ್ತಿಗೆ, ಒಂದು ಗಂಟೆಗೆ ಹಾಕುತ್ತೀರಿ. ಏಳರಿಂದ ಕಲ್ಲು ಹೊತ್ತ ಅವ್ವನ ಮೇಲೆ ಬಂಡೆ ಜಾರಿದ್ದು ಅದಕ್ಕೆ ಹತ್ತು ನಿಮಿಷ ಮೊದಲು. ಹತ್ತು ನಿಮಿಷ ತಡೆದು ಬಿದ್ದಿದ್ದರೆ ಆಕೆ ನಿಮ್ಮ ಕೂಲಿಯವಳಾಗಿಯೇ ಸಾಯುತ್ತಿದ್ದಳು.

"ಪುಸ್ತಕದಾಗ ಹೆಸರಿಲ್ಲವ್ವ, ನಾ ಏನ್ ಮಾಡ್ಲಿ?" ಎಂದ ಹಾಜರಿ ಬರೆಯುವ ನಿಮ್ಮ ಮುಕಾದಮ.

"ಹಂಗಾದ್ರ ನಾವು ಹೊತ್ತು ತಂದ ಹೆಣ ಯಾರ್ದು, ನಿಂದೇನು?" ಎಂದಳು ಜೊತೆ ಕೆಲಸದ ಶಾಂತಮ್ಮ ಚಿಗವ್ವ.

ಅಂದಿನ ಹಾಜರಿಯಲ್ಲಿ ಅವ್ವನ ಹೆಸರು ಬರೆಯಿರಿ. ಆ ಮುಂಜಾನೆ ಆಕೆ ತಂದ, ಈಗ ನಿಮ್ಮ ಆಫೀಸಿನಲ್ಲಿರುವ ಬುತ್ತಿ ಡಬ್ಬಿ ಕೊಡಿ. ರೊಟ್ಟಿ ಕೆಟ್ಟಿದ್ದರೂ ಚೆಲ್ಲಬೇಡಿ. ಅಲ್ಲಿಯವರೆಗೆ ಯಾವ ಹೆಂಗಸೂ ಖಣಿಗಿಳಿಯುವುದಿಲ್ಲ.

ಸೋಮವಾರ ಮುಂಜಾನೆ ಏಳು ಗಂಟೆಗೆ ನಿಮ್ಮ ಗೇಟಿನ ಮುಂದೆ ಎಲ್ಲರೂ ಕುಳಿತಿರುತ್ತೇವೆ. ನೀವೇ ಬರಬೇಕು.

ಜೈಭೀಮ್.

ಹಣಮವ್ವನ ಮಗಳು,
ಮೈತ್ರಿ