ಕೊನೆಯ ಹಾಡಿಗೆ ಮುಂಚಿನ ಟ್ಯಾಕ್ಸಿ

ಜೂನ್ 6, ಗುರುವಾರ

ಇವತ್ತೂ ಅದೇ, ನಮ್ಮ ಹಾಡಿನ ಗುಂಪಿನಲ್ಲಿ. ಏಳೂವರೆ. ಹಾಲ್‌ನ ಕಿಟಕಿಯಲ್ಲಿ ಟ್ಯಾಕ್ಸಿಯ ಹಳದಿ ದೀಪ. ನನ್ನನ್ನು ನೋಡಿಕೊಳ್ಳುವ ಲೋಸಾ ಗಾಲಿಕುರ್ಚಿಯ ಬ್ರೇಕ್ ಬಿಡಿಸಿದಳು, ಹಿಮ್ಮುಖವಾಗಿ ಎಳೆದಳು. ಕೊರಿನ್ ಮ್ಯಾಡರ್ನ್ ರಂಗದಿಂದ ನಿರ್ಗಮಿಸುವುದು ಹೀಗೆ! ಮುಖ ಸಭೆಗೆ, ಬೆನ್ನು ನಮ್ಮ ಜೂನಿನ ಚಳಿಗೆ. ನಾಟಕಗಳಲ್ಲಿ ಮಂತ್ರಿಗಳು ರಾಜನ ಮುಂದಿನಿಂದ ಸರಿಯುತ್ತಾರಲ್ಲ, ಹಾಗೆ.

ಮರ್ವ್ ತನ್ನ ಮುಚ್ಚಳಗೋಲನ್ನು ನೆಲಕ್ಕೆ ಕುಟ್ಟಿದ. ಪೊರಕೆಯ ಕೋಲಿಗೆ ಬಿಯರ್ ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಹೊಡೆದಿದ್ದಾನೆ. ಕುಟ್ಟಿದರೆ ಝಲ್ಲೆನ್ನುತ್ತದೆ.

"ಮಹಾರಾಣಿಯ ರಥ ಬಂತು! ದಾರಿ ಬಿಡ್ರಪ್ಪೋ!"

ಎಲ್ಲರೂ ನಕ್ಕರು. ಬಾಗಿಲು ಮುಚ್ಚಿತು. ಹಿಂದೆಯೇ ಕೊನೆಯ ಹಾಡು ಶುರು. ಗುಂಪಿನವರೇ ಕಟ್ಟಿದ ಹಾಡು ಅದು, ಒಬ್ಬೊಬ್ಬರದು ಒಂದೊಂದು ಸಾಲು. ನನ್ನ ಸಾಲು ಇಲ್ಲ. ಇದ್ದರಲ್ಲವೇ ಸಾಲು! ಒಂದೂವರೆ ವರ್ಷದಿಂದ ಬರುತ್ತಿದ್ದೇನೆ, ಮೊದಲ ಎರಡು ಪದ ಬಿಟ್ಟು ಮುಂದೆ ಕೇಳಿಲ್ಲ. ಉಳಿದದ್ದು ಸಮುದ್ರದ ಗಾಳಿಗೆ.

ಡ್ರೈವರ್ ಗಾಲಿಗಳಿಗೆ ಪಟ್ಟಿ ಬಿಗಿಯುವಷ್ಟರಲ್ಲಿ ಒಳಗಿನಿಂದ ದೊಡ್ಡ ನಗು. ಪ್ರತಿ ವಾರವೂ ಅದೊಂದು ನಗು ಕೇಳಿಸುತ್ತದೆ. ಏನಿರುತ್ತದೆ ಅಲ್ಲಿ, ಹಾಡು ಮುಗಿದ ಮೇಲೆ?

ಅಪ್ಪ ಈ ಊರಿನ ಹವ್ಯಾಸಿ ನಾಟಕ ತಂಡ ಕಟ್ಟಿದವನು. ಗುಡುಗುತ್ತಿದ್ದ. "ಪರದೆ ಬೀಳೋ ಮುಂಚೆ ಎದ್ದು ಹೋಗೋವನ ಕೋಟು ಬಚ್ಚಿಡಿ!" ನನ್ನ ಕುರ್ಚಿ ಪರದೆಯ ಮರೆಯಲ್ಲಿ. ಎಲ್ಲರ ಸಂಭಾಷಣೆಯೂ ನನಗೆ ಬರುತ್ತಿತ್ತು, ಆಡಲು ಮಾತ್ರ ಬಾಯಿ ಏಳುತ್ತಿರಲಿಲ್ಲ. ಈಗ ಕಣ್ಣಿನಿಂದ ಬರೆಯುತ್ತೇನೆ. ಒಂದೊಂದು ಅಕ್ಷರವನ್ನೂ ದಿಟ್ಟಿಸಬೇಕು, ಕುರ್ಚಿಗೆ ಜೋಡಿಸಿದ ಯಂತ್ರದ ಪರದೆ ಹಿಡಿದುಕೊಳ್ಳುತ್ತದೆ. ಆಮೇಲೆ ಯಂತ್ರದೊಳಗಿನ ಹೆಂಗಸು ಅದನ್ನು ಓದುತ್ತಾಳೆ, ಬಸ್ಸಿನ ವೇಳಾಪಟ್ಟಿ ಓದುವ ಹಾಗೆ. ನನ್ನೊಳಗೆ ಸಿಡಿಲು, ಹೊರಗೆ ಅವಳು!

ಜೂನ್ 13, ಗುರುವಾರ

ಮಾತಾಡಿದೆ ಇವತ್ತು. ಚಹಾದ ಹೊತ್ತೆಲ್ಲ ಅದಕ್ಕೇ ಹೋಯಿತು. ವಾಕ್ಯ ಮುಗಿಯುವಷ್ಟರಲ್ಲಿ ನಮ್ಮನ್ನೆಲ್ಲ ನಡೆಸುವ ಡೆರ್ಮಟ್ ಗಿಟಾರಿನ ತಂತಿ ಬಿಗಿಯುತ್ತಿದ್ದ.

"ಶ್! ಕೊರಿನ್ ಮಾತಾಡ್ತಿದಾಳೆ!" ಟ್ಯಾಮ್ಸಿನ್ ಡ್ರಮ್ಮಿಗೊಂದು ಏಟು ಕೊಟ್ಟಳು. ಅವಳೆದುರು ಯಾರೂ ಉಸಿರೆತ್ತುವುದಿಲ್ಲ.

ಯಂತ್ರದ ಹೆಂಗಸು: "ನನಗೆ ಕೊನೆಯವರೆಗೂ ಇರಬೇಕು."

ಲೋಸಾಳ ಮುಖ ಸಣ್ಣದಾಯಿತು. "ನನ್ನ ಶಿಫ್ಟ್ ಎಂಟಕ್ಕೆ ಮುಗಿಯತ್ತೆ ಕಣಮ್ಮಾ. ಅಷ್ಟರಲ್ಲಿ ನಿನ್ನ ಹಾಸಿಗೆಗೆ ಹಾಕ್ಬೇಕು. ಎತ್ತೋಕೆ ಇಬ್ಬರಿರ್ಬೇಕು ಅಂತ ರೂಲ್ಸು, ರಾತ್ರಿಗೆ ಬರೋಳು ಒಬ್ಬಳೇ. ಟ್ಯಾಕ್ಸಿಯವನೂ ಕಾಯಲ್ಲ. ಕುರ್ಚಿ ಹತ್ತೋ ಗಾಡಿ ಊರಿಗೆಲ್ಲ ಅದೊಂದೇ."

ಡೆರ್ಮಟ್ ಚಿಟಿಕೆ ಹೊಡೆದ. "ಅಯ್ಯೋ, ಅಷ್ಟೇ ತಾನೇ! ಮುಂದಿನ ವಾರ ಕೊನೇ ಹಾಡನ್ನೇ ಮೊದಲು ಹಾಡಿಬಿಡೋಣ!"

ಚಪ್ಪಾಳೆ. ನಾನು ಕೇಳಿದ್ದು ಅದಲ್ಲ. ಹೇಳಲು ಇನ್ನೊಂದು ಚಹಾದ ಹೊತ್ತು ಬೇಕು.

ಜೂನ್ 20, ಗುರುವಾರ

ಹಾಡಿದರು. ಎಲ್ಲರೂ ನನ್ನ ಕಡೆ ತಿರುಗಿ, ನಗುನಗುತ್ತಾ. ಟ್ಯಾಮ್ಸಿನ್‌ಳ ಸಾಲು ಅವಳ ನಾಯಿಯ ಮೇಲೆ. ಡೆರ್ಮಟ್‌ನದು ಗಾಳಿಯ ಮೇಲೆ. ಮರ್ವ್‌ನದು "ದೀಪ ಆರಿಸೋದು ನಾನು, ನಾನು, ನಾನು". ಕುಟ್ಟಿದ್ದೇ ಕುಟ್ಟಿದ್ದು.

ಒಳ್ಳೆಯ ಹಾಡೇ. ಆದರೆ ಅದು ಮುಗಿದ ಕೂಡಲೇ ಇನ್ನೊಂದು ಹಾಡು ಬಂತು. ಯಾರೂ ಎದ್ದು ನಿಲ್ಲಲಿಲ್ಲ, ಆ ನಗು ಬರಲಿಲ್ಲ. ಹುಟ್ಟುಹಬ್ಬದ ಕೇಕನ್ನು ಬೇರೆ ದಿನ ಕತ್ತರಿಸಿ ಬಾಯಿಗಿಟ್ಟ ಹಾಗೆ.

"ಖುಷಿಯಾಯ್ತಾ?" ಡೆರ್ಮಟ್ ಕೇಳಿದ. ಪಾಪ, ಒಳ್ಳೆಯವನು.

"ಥ್ಯಾಂಕ್ ಯೂ" ಅಂದಳು ಯಂತ್ರದವಳು. ಆ ಒಂದು ಮಾತಿಗೆ ಮಾತ್ರ ಸಿದ್ಧ ಗುಂಡಿ ಇದೆ.

ಏಳೂವರೆಗೆ ರಥ. ಬಾಗಿಲು ಮುಚ್ಚಿದ ಮೇಲೆ ಅದೇ ಹಾಡು ಮತ್ತೆ ಶುರು. ಆಮೇಲೆ ನಗು...

ಜುಲೈ 14, ಭಾನುವಾರ

ಇವತ್ತು ಮನೆಗೆ ಬಂದೆ. ಎದೆ ಕಟ್ಟಿತ್ತು. ಆಸ್ಪತ್ರೆ. ಚಾರ್ಜರ್ ಮನೆಯಲ್ಲೇ ಉಳಿಯಿತು. ಪರದೆ ಕಪ್ಪಾಯಿತು, ಅದರ ಜೊತೆ ಮಾತೂ. ಒಬ್ಬ ನರ್ಸ್ ಬಗ್ಗಿ, "ಹೌದು ಅನ್ನೋದಾದ್ರೆ ಕಣ್ಣು ಮುಚ್ಚು ಚಿನ್ನಾ" ಅಂದಳು. ಮುಚ್ಚಿದೆ. ತೆರೆಯುವಷ್ಟರಲ್ಲಿ ಹೋಗಿದ್ದಳು.

ಗುರುವಾರ ಸಂಜೆ ಮಲಗಿದಲ್ಲೇ ನಾಟಕ ಹೂಡಿದೆ. ದೃಶ್ಯ: ಹಾಲ್. ಹಾಡು ಮುಗಿದಿದೆ. ಮತ್ತೆ ಚಹಾ ಕುದಿಯುತ್ತಿದೆ. ಎಲ್ಲರೂ ಕುರ್ಚಿಗಳನ್ನು ಹತ್ತಿರ ಎಳೆದುಕೊಂಡು ಕೂತಿದ್ದಾರೆ. ನಡುವೆ ಮರ್ವ್, ತಾನು ಉಣ್ಣೆಯ ಗಿರಣಿಯಲ್ಲಿದ್ದ ಕಾಲದ ಕಥೆ ಹೇಳುತ್ತಿದ್ದಾನೆ. ಯಾರಿಗೂ ಮನೆಯ ನೆನಪಿಲ್ಲ. ನನ್ನ ಕುರ್ಚಿಯೂ ಅಲ್ಲಿ ಇದೆ, ಬ್ರೇಕ್ ಹಾಕಿದೆ. ಭದ್ರವಾಗಿ!

ಜುಲೈ 25, ಗುರುವಾರ

ಹೋಗಿದ್ದೆ. ಮೈ ಇನ್ನೂ ಸೋತಿದೆ. ಬಂದದ್ದಕ್ಕೆ ಎಲ್ಲರೂ ಖುಷಿಯಿಂದ ಕೂಗಿದರು. ಏಳೂವರೆಗೆ ಹೊರಟೆ.

ಲೋಸಾಳ ಪಾಳಿ ಬದಲಿಸಲು ಅವಳ ಆಫೀಸಿಗೆ ಕೇಳಿದೆವು. ನೋಡ್ತೀವಿ ಅಂದರು.

ಆಗಸ್ಟ್ 1, ಗುರುವಾರ

ಟ್ಯಾಕ್ಸಿ ಬರಲಿಲ್ಲ!

ಏಳೂವರೆ. ಕಿಟಕಿಯಲ್ಲಿ ಕತ್ತಲೆ. ಲೋಸಾ ಫೋನ್ ಹಿಡಿದು ಹೊರಗೆ ಓಡಿದಳು. "ಇವತ್ತೇ ಕೈ ಕೊಡ್ಬೇಕಿತ್ತಾ ಇವನು?" ನಾನು ಕೂತೇ ಇದ್ದೆ. ಬಾರದಿರಲಿ, ಬಾರದಿರಲಿ, ದಾರಿಯಲ್ಲಿ ನಾಲ್ಕೂ ಚಕ್ರ ಕಳಚಲಿ!

ಕೊನೆಯ ಹಾಡು. ಟ್ಯಾಮ್ಸಿನ್‌ಳ ನಾಯಿ, ಡೆರ್ಮಟ್‌ನ ಗಾಳಿ, ಮರ್ವ್‌ನ ದೀಪ. ಕಡೆಗೆ ಡೆರ್ಮಟ್ ನನ್ನತ್ತ ತಲೆಯಾಡಿಸಿದ. ನನ್ನ ಕೆನ್ನೆಯ ಬಳಿ ಒಂದು ಗುಂಡಿ ಇದೆ, ಒತ್ತಿದರೆ ದೊಡ್ಡ ಜಾಗಟೆಯ ಸದ್ದು. ಕತ್ತು ತಿರುಗಿಸಿದೆ, ತಿರುಗಿಸಿದೆ... ಹಾಡು ಮುಗಿದು, ತಂತಿಯ ನಾದವೂ ಅಡಗಿದ ಮೇಲೆ, ಢಣ್!

"ಲೇಟು! ಕೊರಿನ್ ಲೇಟು!" ಟ್ಯಾಮ್ಸಿನ್ ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ. ಮೈಯೆಲ್ಲ ಕುಲುಕಿತು.

ಈಗ, ಅಂದುಕೊಂಡೆ. ಈಗ ಕುರ್ಚಿಗಳು ಹತ್ತಿರ ಬರುತ್ತವೆ.

ಕುರ್ಚಿಗಳು ಒಂದರ ಮೇಲೊಂದು ಏರಿದವು. ಕೋಟು. ಮಫ್ಲರ್. ಕಾರಿನ ಕೀ. ಹೊರಗೆ ಟ್ಯಾಮ್ಸಿನ್‌ಳ ಅಮ್ಮನ ಹಾರನ್. ಮರ್ವ್ ಬಾಗಿಲಿಗೆ ಅಡ್ಡ ನಿಂತು ಏನೋ ಹೇಳಿದ, ಎಲ್ಲರೂ ಹೋ ಎಂದು ನಕ್ಕರು. ಅದೇ ನಗು! ನಗುತ್ತಲೇ ಅವನನ್ನು ಬಳಸಿ ಹೊರಟುಹೋದರು. ಅಷ್ಟೇ. ಅದಿಷ್ಟೇ.

"ಮಗುವನ್ನ ಕರ್ಕೊಂಡು ಬರ್ಬೇಕು," ಅಂದ ಡೆರ್ಮಟ್. "ಬಾಗಿಲು ಎಳ್ಕೊಂಡ್ರೆ ಸಾಕು ಮರ್ವ್, ಲಾಕ್ ಆಗತ್ತೆ."

ಉಳಿದವರು ಮರ್ವ್ ಮತ್ತು ನಾನು. ಹೊರಗೆ ಲೋಸಾ ಫೋನಿನಲ್ಲಿ ಜಗಳವಾಡುತ್ತಿದ್ದಳು. ಮರ್ವ್ ಜೋಡಿಸಿದ್ದ ಕುರ್ಚಿಯೊಂದನ್ನು ಇಳಿಸಿ ನನ್ನೆದುರು ಹಾಕಿಕೊಂಡ. ಮುಚ್ಚಳಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ, ಸದ್ದಾಗದ ಹಾಗೆ. ಈ ಮನುಷ್ಯ ಮೆಲ್ಲಗೆ ಮಾತಾಡಿದ್ದನ್ನು ಇವತ್ತೇ ಕೇಳಿದ್ದು.

"ದೀಪ ಆರಿಸೋದು ನಾನೇ ಅಂತ ಹಾಡಲ್ವಾ? ನಿಜಾನೇ ಅದು. ಆದಷ್ಟು ತಡ ಮಾಡ್ತೀನಿ. ಮನೇಲಿ ಟೀವಿ ಬಿಟ್ರೆ ಇನ್ನೇನಿದೆ?"

ಕೋಲಿನ ಮುಚ್ಚಳವೊಂದನ್ನು ಬೆರಳಿನಿಂದ ತಿರುಗಿಸಿದ.

"ನಿನ್ನ ನೋಡಿ ಹೊಟ್ಟೆ ಉರೀತಿತ್ತು ಕಣೇ. ವಾರವಾರಾನೂ ದೀಪ ಹಾಕ್ಕೊಂಡು ಗಾಡಿ ಬಾಗಿಲಿಗೇ ಬರತ್ತೆ. ಕೊನೇ ಹಾಡಿಗೂ ಕಾಯೋ ವ್ಯವಧಾನ ಇಲ್ಲ! ಇವಳ ಮನೇಲಿ ಯಾರೋ ಊಟ ಮಾಡ್ದೆ ಕಾಯ್ತಿರ್ಬೇಕು ಅಂದ್ಕೋತಿದ್ದೆ. ಯಾರು ಕಾಯ್ತಾರೆ?"

ಪರದೆಗೆ ಕಣ್ಣು ಹಾಯಿಸಿದೆ. ಮ. ರ್. ವ್. ಅವನು ಮುಖ ಆಚೆ ತಿರುಗಿಸಿಕೊಂಡ. ಬರೆಯುವಾಗ ಇಣುಕಬಾರದು, ನಮ್ಮ ಗುಂಪಿನ ಮರ್ಯಾದೆ. ಕಾದ. ನನ್ನ ಒಂದು ವಾಕ್ಯಕ್ಕೆ ಇಷ್ಟು ಹೊತ್ತು ಯಾರೂ ಕಾದವರಿಲ್ಲ. ಹೀಟರ್ ಟಿಕ್ ಟಿಕ್ ಎನ್ನುತ್ತಾ ತಣ್ಣಗಾಗುತ್ತಿತ್ತು.

ಯಾರೂ ಕಾಯುವುದಿ—

ಹಳದಿ ದೀಪ! ಹಾರನ್. ಲೋಸಾ ನುಗ್ಗಿದಳು. "ಬಂದ ಪುಣ್ಯಾತ್ಮ! ನಡಿ ನಡಿ ನಡಿ!" ಬ್ರೇಕ್ ಬಿಟ್ಟಿತು. ಕುರ್ಚಿ ಕುಲುಕಿತು, ಪರದೆಗೆ ನನ್ನ ಕಣ್ಣು ಸಿಗಲಿಲ್ಲ.

"ಮುಂದಿನ ವಾರ ಹೇಳುವಿಯಂತೆ ಮಹಾರಾಣಿ," ಅಂದ ಮರ್ವ್.

ಡ್ರೈವರ್ ಪಟ್ಟಿ ಬಿಗಿಯುತ್ತಿರುವಾಗ ಹಾಲ್‌ನ ದೀಪಗಳು ಆರಿದವು. ಒಂದೊಂದಾಗಿ. ನಿಧಾನವಾಗಿ.

ಆಗಸ್ಟ್ 5, ಸೋಮವಾರ

ವಾಕ್ಯ ಮುಗಿಸಿದೆ. ಯಾರೂ ಕಾಯುವುದಿಲ್ಲ, ಮರ್ವ್. ಮಲಗಿಸುತ್ತಾರೆ, ದೀಪ ಆರಿಸುತ್ತಾರೆ.

ಇಷ್ಟೇ ಸಾಲದು ಅನ್ನಿಸುತ್ತಿದೆ. ಟ್ಯಾಕ್ಸಿ ಅವನ ಬೀದಿಯಿಂದಲೇ ಹಾಯುತ್ತದೆ. ಲೋಸಾಳ ಪಕ್ಕದ ಸೀಟು ಖಾಲಿ.

ಆದರೆ ಏಳೂವರೆಗೆ ಹೊರಡಬೇಕು. ಅವನಿಗೂ ಆ ಹಾಡು ತಪ್ಪುತ್ತದೆ, ಬಾಗಿಲ ಬಳಿಯ ಆ ನಗುವೂ. ಅವನಿಗಿರುವುದೇ ಅಷ್ಟು. ಅದನ್ನೂ ಬಿಡು ಎನ್ನಲು ನಾನ್ಯಾರು?

ಆಗಸ್ಟ್ 8, ಗುರುವಾರ. ಸಂಜೆ

ಲೋಸಾ ಕೋಟು ತರಲು ಹೋಗಿದ್ದಾಳೆ. ಎರಡೂ ವಾಕ್ಯ ಸಿದ್ಧ. ಮೊದಲನೆಯದು ಖಂಡಿತ. ಎರಡನೆಯದನ್ನು ಮೂರು ಸಲ ಅಳಿಸಿದೆ, ಮತ್ತೆ ಬರೆದೆ. ಮರ್ವ್, ಇವತ್ತು ನನ್ನ ಜೊತೆ ರಥ ಹತ್ತು. ಕೊನೆಯ ಹಾಡು ತಪ್ಪುತ್ತದೆ, ಗೊತ್ತು. ದಾರಿಯುದ್ದಕ್ಕೂ ನಾವಿಬ್ಬರೇ ಅದನ್ನು ಹಾಡಬಹುದು, ನೀನು ಕುಟ್ಟು, ನಾನು ತಡವಾಗಿ

ಬಂದಳು. ಬ್ರೇಕ್