ಕಾವಲಿನಲ್ಲಿ ‘ರನ್’ ಪಾಠ

ಎಮ್ಮೆದೊಡ್ಡಿ ಕಡೆಯಿಂದ, ಬುಧವಾರ

ಅಕ್ಕಾ, ಶಾಲೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಈ ಶಾಲೆಗೆ ಬಂದು ಮೂರು ದಿನವಾಯಿತು. ಸಿಗ್ನಲ್ ಸಿಗುವುದಿಲ್ಲ, ಅದಕ್ಕೇ ಕಾರ್ಡು.

ಇವತ್ತು ಐದನೇ ತರಗತಿಗೆ ಇಂಗ್ಲಿಷಿನ ‘ರನ್’ ಹೇಳಿಕೊಟ್ಟೆ. ಬಸ್ಸು ಓಡಿದರೂ ರನ್, ಮೂಗು ಸೋರಿದರೂ ರನ್, ಅಂಗಡಿ ನಡೆಸಿದರೂ ರನ್ ಅಂದಾಗ ಮಕ್ಕಳು ನಕ್ಕರು. ನಿಜವಾದ ಓಟ ತೋರಿಸೋಣವೆಂದು ಎಲ್ಲರನ್ನೂ ಶಾಲೆಯ ಹಿಂದೆ ದನ ಮೇಯುವ ಕಾವಲಿಗೆ ಕರೆದೊಯ್ದು "ರನ್!" ಎಂದೆ. ಒಬ್ಬರೂ ಕದಲಲಿಲ್ಲ. ಸಿಟ್ಟು ಬಂದು ನಾನೇ ಓಡಿ ತೋರಿಸಿದೆ.

ದೂರದಲ್ಲಿ ಮೇಯುತ್ತಿದ್ದ ಅಮೃತಮಹಲ್ ದನಗಳು ಒಟ್ಟಿಗೇ ತಲೆಯೆತ್ತಿ, ಆ ಉದ್ದನೆಯ ಕೊಂಬು ಮುಂದೆ ಮಾಡಿ ನನ್ನತ್ತ ನುಗ್ಗಿದವು.

"ಓಡ್ಬ್ಯಾಡಿ ಮಿಸ್! ಅಲ್ಲೇ ನಿಂತ್ಕಳಿ!" ಎಂದು ತ್ರಿವೇಣಿ ಎಂಬ ಹುಡುಗಿ ಕೂಗಿದಳು. ಎಡವಿ ಬಿದ್ದು, ಎದ್ದು, ಕಂಬದಂತೆ ನಿಂತೆ. ಹತ್ತು ಮಾರು ದೂರದಲ್ಲಿ ಅವೂ ನಿಂತವು.

"ಇಲ್ಲಿ ಯಾರೂ ಓಡಲ್ಲ ಮಿಸ್. ಓಡಿದೋರ್ನ ಅವು ಬಿಡಲ್ಲ," ಎಂದಳು ಆಮೇಲೆ.

ಮಂಡಿ ತರಚಿದೆ, ಅರಿಶಿನ ಹಚ್ಚಿದ್ದೇನೆ. ಅಮ್ಮನಿಗೆ ಹೇಳಬೇಡ. ಅಂಚೆ ಡಬ್ಬವೂ ನನ್ನ ಬಾಡಿಗೆ ಕೋಣೆಯೂ ಕಾವಲಿನ ಆಚೆಗಿವೆ. ದನಗಳು ದಾರಿಯಲ್ಲೇ ನಿಂತು ಇತ್ತಲೇ ನೋಡುತ್ತಿವೆ. ಹೊತ್ತಾಯಿತು, ಹೊರಡಬೇಕು. ಈ ಕಾರ್ಡು ನಿನ್ನ ಕೈಸೇರಿದರೆ ನಾನು ಓಡಲಿಲ್ಲವೆಂದು ತಿಳಿದುಕೋ.

ಯಶೋಧರಾ